ಬ್ರೇಕ್ ಡಿಸ್ಕ್, ಪ್ಯಾಡ್ ಮನೆಯಲ್ಲೇ ಬದಲಾಯಿಸಬೇಕು, ಯಾವ್ಯಾವ ಸಾಮಾನು ಬೇಕು?

ಪ್ರಶ್ನೆ:
ಬ್ರೇಕ್ ಒತ್ತಿದರೆ ಪೆಡಲ್ ಕಾಲಿನ ಕೆಳಗೆ ಬಡಿಯುತ್ತದೆ, ಸ್ಟೀರಿಂಗ್ ಕೂಡ ಅದುರುತ್ತದೆ. ಮುಂದಿನ ಪ್ಯಾಡ್ ನೋಡಿದರೆ 3 ಮಿ.ಮೀ. ಕೂಡ ಉಳಿದಿಲ್ಲ, ಡಿಸ್ಕ್ ಅಂಚಿನಲ್ಲಿ ಏಣು ಎದ್ದಿದೆ. ಹೊಸ ಡಿಸ್ಕ್, ಪ್ಯಾಡ್ ತಂದಿಟ್ಟಿದ್ದೇನೆ. ನನ್ನ ಹತ್ತಿರ ಕಾರಿನ ಜೊತೆ ಬಂದ ಜಾಕ್, ವೀಲ್ ಸ್ಪ್ಯಾನರ್, ಒಂದು ಸಾಕೆಟ್ ಸೆಟ್, ಮರಗೆಲಸದ ಸಿ ಕ್ಲ್ಯಾಂಪ್ ಇದೆ. ಸಾಕಾ? ಹಿಂದಿನದೂ ಡಿಸ್ಕೇ, ಅದನ್ನೂ ಒಟ್ಟಿಗೆ ಮುಗಿಸೋಣ ಅಂತ.

ಉತ್ತರ:
ಸಾಕಾಗುವುದಿಲ್ಲ. ಮೊದಲು ಎತ್ತಿದ ಕಾರಿನ ಭಾರ ಹೊರುವ ಜಾಕ್ ಸ್ಟ್ಯಾಂಡ್ ತನ್ನಿ. ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಾಯಿಸುವ ಹತ್ತು ನಿಮಿಷಕ್ಕೆ ಮಾತ್ರ. ಬೋಲ್ಟ್ ಬಿಚ್ಚಲು ಮೈಭಾರ ಹಾಕಿ ಎಳೆಯುವಾಗ ಅದನ್ನು ನಂಬಬಾರದು. ಸಮತಟ್ಟಾದ ಗಟ್ಟಿ ನೆಲ ಬೇಕು, ನೆಲದಲ್ಲೇ ಇರುವ ಚಕ್ರಗಳಿಗೆ ಉರುಳದಂತೆ ಅಡ್ಡ ಇಡಲು ಮರದ ದಿಮ್ಮಿ ಬೇಕು. ವೀಲ್ ನಟ್‌ಗಳನ್ನು ಕಾರು ಎತ್ತುವ ಮೊದಲೇ ಸ್ವಲ್ಪ ಸಡಿಲ ಮಾಡಿಕೊಳ್ಳಿ.

ಸಾಕೆಟ್ ಸೆಟ್ ಇದೆ ಅಂದಿರಿ, ಅದರಲ್ಲಿ ಉದ್ದ ಹಿಡಿಯ ಬ್ರೇಕರ್ ಬಾರ್ ಇದೆಯಾ? ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ಪಿನ್ ಬೋಲ್ಟ್ ಸಾಮಾನ್ಯವಾಗಿ 12ರಿಂದ 14 ಮಿ.ಮೀ., ಸುಲಭವಾಗಿ ಬರುತ್ತದೆ. ಕೆಲವು ಯುರೋಪಿನ ಕಾರುಗಳಲ್ಲಿ ಅದರ ಬದಲು 7 ಮಿ.ಮೀ. ಅಲನ್ ಕೀ ಬೇಕಾಗುತ್ತದೆ. ಆದರೆ ಪ್ಯಾಡ್ ಮಾತ್ರ ಅಲ್ಲ, ಡಿಸ್ಕ್ ಕೂಡ ತೆಗೆಯಬೇಕಾದರೆ ಕ್ಯಾಲಿಪರ್ ಕೂರುವ ಬ್ರ್ಯಾಕೆಟ್ ಕೂಡ ಬಿಚ್ಚಬೇಕು, ಅದರ ಬೋಲ್ಟ್ ಸಾಮಾನ್ಯವಾಗಿ 17ರಿಂದ 19 ಮಿ.ಮೀ. ಇರುತ್ತದೆ, ತುಕ್ಕು ಹಿಡಿದು ಕೂತಿದ್ದರೆ ಚಿಕ್ಕ ರ್‍ಯಾಚೆಟ್‌ಗೆ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಡಿಸ್ಕ್ ಮೇಲೆ ಮಾತ್ರ ಬೀಳದಿರಲಿ.

ಕ್ಯಾಲಿಪರ್ ಬಿಚ್ಚಿದ ಮೇಲೆ ಹೋಸ್‌ನಲ್ಲಿ ನೇತಾಡಲು ಬಿಡಬೇಡಿ. ಒಂದು ತುಂಡು ತಂತಿಯಲ್ಲಿ ಸ್ಪ್ರಿಂಗ್‌ಗೆ ಕಟ್ಟಿ. ಮುಂದಿನ ಕ್ಯಾಲಿಪರ್‌ನಲ್ಲಿ ಪ್ಯಾಡನ್ನು ಒತ್ತುವ ಪಿಸ್ಟನ್ ಒಳಗೆ ತಳ್ಳಲು ನಿಮ್ಮ ಸಿ ಕ್ಲ್ಯಾಂಪ್ ಮತ್ತು ಹಳೆಯ ಪ್ಯಾಡ್ ಸಾಕು. ತಳ್ಳುವಾಗ ಮೇಲೆ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ, ಮಧ್ಯದಲ್ಲಿ ಯಾರಾದರೂ ತುಂಬಿಸಿದ್ದರೆ ಉಕ್ಕಿ ಬಣ್ಣ ತಿಂದುಬಿಡುತ್ತದೆ. ಹೆಚ್ಚಾದದ್ದನ್ನು ಹೀರಿ ತೆಗೆಯಲು ಒಂದು ಸಿರಿಂಜ್ ಇಟ್ಟುಕೊಳ್ಳಿ.

ಇನ್ನೊಬ್ಬರು:
ಎಲ್ಲ ಸರಿ ಸರ್, ಆದರೆ ಅವರ ಮೂಲ ತೊಂದರೆ ಪೆಡಲ್ ಬಡಿತ. ಅದಕ್ಕೆ ಬೇಕಾದ ಸಾಮಾನು ಎಲ್ಲಕ್ಕಿಂತ ಅಗ್ಗದ್ದು, ವೈರ್ ಬ್ರಷ್. ಎಲ್ಲರೂ ಡಿಸ್ಕ್ ಬೆಂಡಾಗಿದೆ ಅನ್ನುತ್ತಾರೆ. ಎಷ್ಟೋ ಸಲ ಡಿಸ್ಕ್ ಬೆಂಡಾಗಿರುವುದೇ ಇಲ್ಲ. ಡಿಸ್ಕ್ ಕೂರುವ ಹಬ್ ಮೇಲಿನ ತುಕ್ಕಿನಿಂದ ಡಿಸ್ಕ್ ಒಂದು ಕೂದಲೆಳೆ ಓರೆಯಾಗಿ ಕೂತಿರುತ್ತದೆ, ಓಡುತ್ತಾ ಓಡುತ್ತಾ ಪ್ಯಾಡ್‌ಗೆ ಒಂದೇ ಜಾಗದಲ್ಲಿ ತಾಗಿ ಅಲ್ಲಿ ತೆಳುವಾಗುತ್ತದೆ, ಬಡಿತ ಶುರುವಾಗುವುದು ಆಮೇಲೆ. ಹೊಸ ಡಿಸ್ಕನ್ನು ಅದೇ ತುಕ್ಕಿನ ಮೇಲೆ ಕೂರಿಸಿದರೆ ಮೊದಲು ಚೆನ್ನಾಗಿರುತ್ತದೆ, ಸ್ವಲ್ಪ ಓಡಿದ ಮೇಲೆ ಮತ್ತೆ ಅದೇ ಕಥೆ. ಹಬ್ ಮುಖವನ್ನು ಲೋಹ ಕಾಣುವವರೆಗೆ ಉಜ್ಜಿ, ವೀಲ್ ನಟ್ ಹಾಕುವ ಸ್ಟಡ್‌ಗಳ ಬುಡವನ್ನೂ ಬಿಡಬೇಡಿ. ಓಲಾಟ ಅಳೆಯುವ ಡಯಲ್ ಗೇಜ್ ಸಿಕ್ಕರೆ ಡಿಸ್ಕ್ ಕೂರಿಸಿ ನಟ್ ಬಿಗಿದು ತಿರುಗಿಸಿ ನೋಡಿ. ಓಲಾಟ 0.05 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ.

ಹೊಸ ಡಿಸ್ಕ್ ಮೇಲೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರ್ ಹೊಡೆದು ಒರೆಸಿ. ಮಾಸ್ಕ್ ಹಾಕಿಕೊಳ್ಳಿ, ಹಳೆಯ ಪ್ಯಾಡ್ ಧೂಳನ್ನು ಬಾಯಿಂದಲೋ ಗಾಳಿ ಪಂಪಿನಿಂದಲೋ ಊದಬೇಡಿ.

ಪ್ರಶ್ನೆ ಕೇಳಿದವರು:
ಶುರು ಮಾಡಿದೆ, ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಮುಂದಿನ ಡಿಸ್ಕ್‌ಗೆ ಒಂದು ಚಿಕ್ಕ ಪ್ಲಸ್ ಸ್ಕ್ರೂ ಇದೆ, ತಲೆ ಸವೆಯುತ್ತಾ ಬಂದಿದೆ, ತಿರುಗುತ್ತಿಲ್ಲ. ಹಿಂದಿನ ಪಿಸ್ಟನ್ ಕ್ಲ್ಯಾಂಪಿಗೆ ಒಂದು ಚೂರೂ ಒಳಗೆ ಹೋಗುತ್ತಿಲ್ಲ. ಇನ್ನೂ ಜೋರಾಗಿ ಬಿಗಿಯಲಾ?

ಉತ್ತರ:
ಬೇಡ, ಬೇಡ! ಕ್ಲ್ಯಾಂಪ್ ತೆಗೆಯಿರಿ. ಆ ಪಿಸ್ಟನ್ ಮುಖದಲ್ಲಿ ಕಚ್ಚುಗಳು ಇವೆಯಾ ನೋಡಿ. ಇದ್ದರೆ ಅದು ತಿರುಗಿಸಿ ಒಳಗೆ ಕಳಿಸುವ ಜಾತಿ, ಹ್ಯಾಂಡ್ ಬ್ರೇಕ್ ಅದರೊಳಗೇ ಇರುತ್ತದೆ, ಬಲವಂತವಾಗಿ ತಳ್ಳಿದರೆ ಒಳಗಿನ ಯಂತ್ರ ಮುರಿಯುತ್ತದೆ. ಒತ್ತುತ್ತಾ ತಿರುಗಿಸುವ ಬೇರೆ ಟೂಲ್ ಬರುತ್ತದೆ, ಅದೇ ಬೇಕು. ಹೆಚ್ಚಿನವು ಬಲಕ್ಕೆ ತಿರುಗಿದರೆ ಒಳಗೆ ಹೋಗುತ್ತವೆ, ಕೆಲವು ಕಾರುಗಳಲ್ಲಿ ಒಂದು ಕಡೆಯದು ಎಡಕ್ಕೆ. ಹ್ಯಾಂಡ್ ಬ್ರೇಕ್ ಇಳಿಸಿರಬೇಕು. ಹ್ಯಾಂಡ್ ಬ್ರೇಕಿಗೆ ಲಿವರ್ ಬದಲು ಬಟನ್ ಇದ್ದರೆ ಇದು ಬೇರೆ ವಿಷಯ. ಕ್ಯಾಲಿಪರ್ ಬೆನ್ನಿಗೆ ಮೋಟರ್ ಇರುತ್ತದೆ, ಮೊದಲು ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್‌ನಿಂದ ಅಥವಾ ಮ್ಯಾನ್ಯುಯಲ್‌ನಲ್ಲಿ ಹೇಳಿದ ರೀತಿಯಲ್ಲಿ ಸರ್ವಿಸ್ ಮೋಡ್‌ಗೆ ಹಾಕಬೇಕು.

ಸ್ಕ್ರೂಗೆ ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ತನ್ನಿ. 3ನೇ ನಂಬರಿನ ಬಿಟ್ ಹಾಕಿ, 2 ಹಾಕಿದರೆ ತಲೆ ಇನ್ನಷ್ಟು ಹಾಳು. ಬರಲೇ ಇಲ್ಲ ಅಂದರೆ ತಲೆಯನ್ನು ಡ್ರಿಲ್ ಮಾಡಿ ತೆಗೆಯಿರಿ. ಗಾಬರಿ ಬೇಡ. ಡಿಸ್ಕನ್ನು ನಿಜವಾಗಿ ಬಿಗಿಯಾಗಿ ಹಿಡಿಯುವುದು ವೀಲ್ ನಟ್‌ಗಳು, ಈ ಸ್ಕ್ರೂ ಜೋಡಿಸುವಾಗ ಅಲುಗದಂತೆ ಇಡುವುದಕ್ಕೆ ಅಷ್ಟೆ. ಡಿಸ್ಕ್‌ನಲ್ಲಿ ಒಳಗೆ ಥ್ರೆಡ್ ಇರುವ ಎರಡು ಖಾಲಿ ತೂತು ಕಂಡರೆ ಸಾಮಾನ್ಯವಾಗಿ 8 ಮಿ.ಮೀ. ಬೋಲ್ಟ್ ಹಿಡಿಯುತ್ತದೆ. ಒಂದೊಂದು ಸುತ್ತು ಅದಲುಬದಲು ಬಿಗಿದರೆ ಡಿಸ್ಕ್ ತಾನೇ ಹೊರಗೆ ಬರುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲ ಬಂತು, ಥ್ಯಾಂಕ್ಸ್. ಕ್ಯಾಲಿಪರ್ ಜಾರುವ ಪಿನ್‌ಗಳಿಗೆ ಮನೆಯಲ್ಲಿರುವ ಸಾದಾ ಗ್ರೀಸ್ ಹಾಕಬಹುದಾ? ಬಿಗಿಯುವುದು ಕೈ ಅಂದಾಜಿನಲ್ಲಿ ನಡೆಯುತ್ತಾ?

ಇನ್ನೊಬ್ಬರು:
ಸಾದಾ ಗ್ರೀಸ್ ಹಾಕಬೇಡಿ, ರಬ್ಬರ್ ಉಬ್ಬಿ ಪಿನ್ ಹಿಡಿದುಕೊಳ್ಳುತ್ತದೆ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಿ. ಕೈ ಅಂದಾಜೂ ಬೇಡ, ಟಾರ್ಕ್ ರೆಂಚ್ ಎರವಲಾದರೂ ತನ್ನಿ. ಎಷ್ಟೋ ಕಾರುಗಳಲ್ಲಿ ಪಿನ್ ಬೋಲ್ಟ್ 25ರಿಂದ 35 ನ್ಯೂಟನ್ ಮೀಟರ್, ಬ್ರ್ಯಾಕೆಟ್ 100ರ ಆಸುಪಾಸು. ನಿಮ್ಮ ಕಾರಿನ ಲೆಕ್ಕ ಮ್ಯಾನ್ಯುಯಲ್‌ನಲ್ಲಿ ನೋಡಿಯೇ ಬಿಗಿಯಿರಿ. ಬ್ರ್ಯಾಕೆಟ್ ಕೈಯಲ್ಲಿ ಎಳೆದರೆ ಬಿಗಿಯಾದಂತೆ ಕಾಣುತ್ತದೆ, ಆಗಿರುವುದಿಲ್ಲ.

ಗಾಡಿ ಅಲುಗಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತುತ್ತಾ ಇರಿ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಒತ್ತಿಗೆ ಪೆಡಲ್ ನೆಲಕ್ಕೇ ಹೋಗುತ್ತದೆ. ಆಮೇಲೆ ಡಬ್ಬಿಯ ಮಟ್ಟ ನೋಡಿ. ಖಾಲಿ ರಸ್ತೆಯಲ್ಲಿ 50-60ರ ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಇಳಿಸಿ, ನಂತರ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣಿಯಲು ಬಿಡಿ. ಸ್ವಲ್ಪ ವಾಸನೆ ಬರುವುದು ಮಾಮೂಲು. ಒಂದೇ ಚಕ್ರ ಉಳಿದವುಗಳಿಗಿಂತ ಜಾಸ್ತಿ ಬಿಸಿಯಾಗಿದ್ದರೆ ಆ ಕಡೆಯ ಪಿನ್ ಜಾರುತ್ತಿಲ್ಲ, ಇಲ್ಲವೇ ಪಿಸ್ಟನ್ ಹಿಂದೆ ಬರುತ್ತಿಲ್ಲ. ಅದನ್ನು ಬಿಚ್ಚಿ ನೋಡಿಯೇ ಮುಂದೆ ಓಡಿಸಿ.