ಖರ್ಜೂರ, ಫಾಕ್ಸ್‌ಟೇಲ್ ಪಾಮ್ ಬೀಜ ಮೊಳಕಿ ಬರವಲ್ದು, ತಪ್ಪು ಎಲ್ಲಿ ಆಗೇದ?

ಗುಮ್ಮಟದೂರು (ವಿಜಯಪುರ)

ಎಲ್ಲಾರಿಗೂ ನಮಸ್ಕಾರ್ರಿ. ಮನಿ ಮುಂದ ಹಚ್ಚಲಿಕ್ಕೆ ನಾಲ್ಕೈದು ಪಾಮ್ ಗಿಡ ಬೀಜದಿಂದನ ಎಬ್ಬಸಬೇಕಂತ ಸಂಕ್ರಮಣದ ಮುಂಚೆ ಮೂರು ನಮೂನಿ ಬೀಜ ಹಾಕೀನಿ. ಉಡಿ ತುಂಬಿದ ಉತ್ತತ್ತಿಯೊಳಗಿನ ಬೀಜ 20, ಡಬ್ಬಿಯೊಳಗ ಬರೋ ಮೆತ್ತನ್ನ ಖರ್ಜೂರದ ಬೀಜ 10, ಫಾಕ್ಸ್‌ಟೇಲ್ ಪಾಮ್ ಬುಡಕ ಬಿದ್ದಿದ್ದ ಕೆಂಪು ಹಣ್ಣು 8 (ಇವನ್ನ ಸಿಪ್ಪಿ ಸಮೇತ ಹಾಕೀನಿ). ಯರಿ ಮಣ್ಣು ಅರ್ಧ, ಸಗಣಿ ಗೊಬ್ಬರ ಅರ್ಧ. ಎರಡು ಇಂಚು ಆಳ. ದಿನಾ ಬೋರ್ ನೀರು ಹಾಕ್ತೀನಿ.

ಆರು ವಾರ ಆತು, ಒಂದೂ ಮ್ಯಾಲೆ ಬಂದಿಲ್ಲ. ಕೆದರಿ ನೋಡಿದ್ರ ಬೀಜದ ಸುತ್ತ ಬಿಳಿ ಬೂಷ್ಟು ಹತ್ತೇದ. ಬೂಷ್ಟು ಹತ್ತಿದ್ರ ಬೀಜ ಸತ್ತಂಗೇನು? ಇನ್ನೂ ಕಾಯಬೇಕೋ, ತಗದು ಹೊಸದಾಗಿ ಹಾಕಬೇಕೋ?

ಘಟಪ್ರಭಾ ದಂಡಿ (ಬಾಗಲಕೋಟೆ)

ಮೊದಲ ಉತ್ತತ್ತಿ ಬೀಜದ ಆಸೆ ಬಿಟ್ಟುಬಿಡ್ರಿ. ಉತ್ತತ್ತಿ ಪೂರಾ ಹಣ್ಣಾದ ಖರ್ಜೂರ ಅಲ್ಲ. ಕಾಯಿ ಹಳದಿ ಇಲ್ಲಾ ಕೆಂಪು ಬಣ್ಣಕ್ಕ ತಿರುಗಿ ಇನ್ನೂ ಗಟ್ಟಿ ಇದ್ದಾಗನ ಗೊನಿ ಕೊಯ್ದು, ಕುದಿಯೋ ನೀರಾಗ ಒಂದಿಷ್ಟು ನಿಮಿಷ ಹಾಕಿ ತಗದು, ಆಮ್ಯಾಲೆ ಒಣಸ್ತಾರ. ಹೆಚ್ಚಿನ ಉತ್ತತ್ತಿ ತಯಾರಾಗೋದು ಹಿಂಗ. ಕುದ್ದ ಬೀಜಕ್ಕ ನೀವು ಏನ್ ಮಾಡಿದ್ರೂ ಜೀವ ಬರಾಂಗಿಲ್ಲ. ಅಂಟಿನ ಉಂಡಿಗೆ ಅದು ಛಲೋ, ಕುಂಡಕ್ಕ ಅಲ್ಲ.

ಡಬ್ಬಿ ಖರ್ಜೂರದ ಬೀಜದ ಮ್ಯಾಲೆ ಭರವಸಿ ಇಡಬಹುದು. ಆದರೂ 10ರಾಗ ಒಂದನ್ನ ಕೊಯ್ದು ಪರೀಕ್ಷಾ ಮಾಡ್ರಿ. ಖರ್ಜೂರ ಬೀಜದ ಒಂದು ಮೈಗೆ ಉದ್ದಕ ಸೀಳು ಇರತೈತಿ. ಅದರ ಬೆನ್ನ ಕಡೆ, ನಡುವಿನ ಸುಮಾರಿಗೆ, ದಬ್ಬಣದ ತುದಿ ಒತ್ತಿದಂಗ ಒಂದು ಸಣ್ಣ ದುಂಡನ ಗುಳಿ ಕಾಣತೈತಿ. ಮೊಳಕಿ ಹೊರಗ ಬರೋ ಬಾಗಿಲ ಅದು. ಎರಡು ದಿನ ನೆನದ ಬೀಜಾನ ಇಕ್ಕಳದಾಗ ಹಿಡಕೊಂಡು ಆ ಗುಳಿ ಮ್ಯಾಲೆ ಅಡ್ಡಕ ಕೊಯ್ರಿ (ಬರೀ ಕೈಯಾಗ ಹಿಡದ್ರ ಬ್ಲೇಡ್ ಜಾರತೈತಿ, ಒಳಗೆಲ್ಲಾ ಎಲುಬಿನಂಗ ಗಟ್ಟಿ). ಗುಳಿ ಕೆಳಗ ಎಳ್ಳುಕಾಳಿನಷ್ಟು ಬಿಳಿ ಮೊಳೆ ಕಾಣಬೇಕು. ಬೆಳ್ಳಗ ತುಂಬಿಕೊಂಡಿದ್ರ ಬೀಜಕ್ಕ ಜೀವ ಐತಿ. ಕಂದಾಗಿ ಸೊರಗಿದ್ರ ಇನ್ನೊಂದು ಕೊಯ್ದು ನೋಡ್ರಿ, ಅದೂ ಹಂಗ ಇದ್ರ ಆ ಡಬ್ಬಿ ಬೀಜ ಬ್ಯಾಡ.

ಖರ್ಜೂರ ಬೀಜ ಒಣಗಿದ್ರೂ ಭಾಳ ವರ್ಷ ತಾಳತಾವ. ಇಸ್ರೇಲಿನ ಮಸಾಡಾ ಕೋಟಿಯೊಳಗ ಸಿಕ್ಕ ಸುಮಾರು 2000 ವರ್ಷ ಹಿಂದಿನ ಬೀಜ 2005ರಾಗ ಮೊಳಕಿ ಬಂದು ಗಿಡ ಆಗೈತಿ. ಆದರ ಎಲ್ಲಾ ಪಾಮ್ ಹಿಂಗಲ್ಲ. ಅರೇಕಾ ಪಾಮ್ ಬೀಜ ಪೂರಾ ಒಣಗಿದ್ರ ಭಾಳ ದಿನ ತಾಳಾಂಗಿಲ್ಲ. ಆನ್‌ಲೈನ್‌ನ್ಯಾಗ ಪಾಕೀಟಿನ್ಯಾಗ ಬರೋ ಅರೇಕಾ ಬೀಜ ತಗೋಬ್ಯಾಡ್ರಿ ಅನ್ನೋದು ಅದಕ್ಕ.

ಇನ್ನ ಮಣ್ಣು. ಯರಿ ಮಣ್ಣು ನೀರು ಕುಡದು ಉಬ್ಬತೈತಿ, ಬೀಜಕ್ಕ ಗಾಳಿ ಸಿಗಾಂಗಿಲ್ಲ. ಅದರಾಗ ಅರ್ಧ ಸಗಣಿ ಗೊಬ್ಬರ ಕೂಡಿಸಿದ್ರ ಬೂಷ್ಟು ಬರೋದು ಖರೇನ. ಪಾಮ್ ಬೀಜದೊಳಗ ತಿಂಗಳುಗಟ್ಟಲೆ ಸಾಕಾಗೋ ಬುತ್ತಿ ಇರತೈತಿ, ಮೊಳಕಿ ಹಂತದಾಗ ಗೊಬ್ಬರ ಒಂದು ಚಿಟಿಕಿನೂ ಬ್ಯಾಡ.

ಕುಂದಾನಗರಿ ಹಸಿರು (ಬೆಳಗಾವಿ)

ಮೇಲೆ ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ದೊಡ್ಡ ತಪ್ಪು ಹಾಕಿದ ಕಾಲ. ಪಾಮ್ ಬೀಜಕ್ಕೆ 30ರಿಂದ 35 ಡಿಗ್ರಿ ಬಿಸಿ ಬೇಕು. ಹೊರಗಿನ ಗಾಳಿಯದಲ್ಲ, ಬೀಜದ ಮಗ್ಗುಲಿನ ಬಿಸಿ. ಸಿದ್ಧೇಶ್ವರ ಜಾತ್ರೆ ಹೊತ್ತಿನ ಚಳಿಯಲ್ಲಿ ರಾತ್ರಿ ಕುಂಡದ ಒದ್ದೆ ಮಣ್ಣು 20 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಬೀಜ ಆಗ ಸುಮ್ಮನೆ ನೆನೆಯುತ್ತ ಕೂರುತ್ತದೆ, ಬೂಷ್ಟು ಮಾತ್ರ ಬೆಳೆಯುತ್ತದೆ. ಈಗ ಶಿವರಾತ್ರಿ ಕಳೆಯಿತು, ಇಲ್ಲಿಂದ ಮಿರಗದ ಮಳೆವರೆಗೆ ನಿಮ್ಮೂರಲ್ಲಿ ಇದಕ್ಕಿಂತ ಒಳ್ಳೆ ಕಾಲ ಇಲ್ಲ.

ಬೂಷ್ಟು ಬಂದ ಬೀಜ ಸತ್ತಿದೆ ಎಂದೇನಿಲ್ಲ. ಬೀಜಕ್ಕೆ ಅಂಟಿ ಉಳಿದ ಹಣ್ಣಿನ ತಿರುಳನ್ನು ಅದು ತಿನ್ನುತ್ತಿರುತ್ತದೆ. ಬೆರಳಿನಿಂದ ಒತ್ತಿ ನೋಡಿ. ಗಟ್ಟಿ ಇದ್ದು ವಾಸನೆ ಇಲ್ಲದಿದ್ದರೆ ತೊಳೆದು ಮತ್ತೆ ಉಪಯೋಗಿಸಿ. ಮೆತ್ತಗಾಗಿ ಹುಳಿ ವಾಸನೆ ಬಂದರೆ ಎಸೆಯಿರಿ.

ಈಗ ಹೀಗೆ ಮಾಡಿ. ಎಲ್ಲ ಬೀಜ ಹೊರಗೆ ತೆಗೆದು, ಹಳೆ ಟೂಥ್‌ಬ್ರಷ್‌ನಿಂದ ಉಜ್ಜಿ, ಜಾರುವ ಲೋಳೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ತಿರುಳಿನಲ್ಲಿ ಮೊಳಕೆಯನ್ನು ತಡೆಯುವ ಅಂಶವೂ ಇರುತ್ತದೆ, ಹಾಗಾಗಿ ಈ ಕೆಲಸದಲ್ಲಿ ಅವಸರ ಬೇಡ. ಆಮೇಲೆ ಖರ್ಜೂರ 48 ಗಂಟೆ ನೆನೆಯಲಿ, ದಿನಕ್ಕೆ ಎರಡು ಸಲ ನೀರು ಬದಲಿಸಿ. ಕೊನೆಗೆ 1 ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಾಜಿಮ್ (ಬೂಷ್ಟು ನಾಶಕ ಔಷಧಿ) ಕರಗಿಸಿ 15 ನಿಮಿಷ ಅದ್ದಿ ತೆಗೆಯಿರಿ, ಕೈಗೆ ಗ್ಲೌಸ್ ಇರಲಿ.

ಕೊಕೊಪೀಟ್ (ತೆಂಗಿನ ನಾರಿನ ಪುಡಿ) 650 ಗ್ರಾಂ ಇಟ್ಟಿಗೆ ಒಂದು ತಂದರೆ ಮಿಕ್ಕುತ್ತದೆ. 4-5 ಲೀಟರ್ ನೀರಿನಲ್ಲಿ ಬಿಡಿಸಿ, ಬಟ್ಟೆಯಲ್ಲಿ ಹಿಂಡಿ, ಮತ್ತೆ ಎರಡು ಸಲ ಹೊಸ ನೀರಿನಲ್ಲಿ ತೊಳೆಯಿರಿ, ಅದರಲ್ಲಿ ಉಪ್ಪು ಇರುತ್ತದೆ. ತೊಳೆದ ದಪ್ಪ ಉಸುಕು ಸಮ ಪ್ರಮಾಣದಲ್ಲಿ ಸೇರಿಸಿ. ಒಂದು ಹಿಡಿ ತೆಗೆದುಕೊಂಡು ಜೋರಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಬರಬೇಕು. ಧಾರೆ ಇಳಿದರೆ ಒದ್ದೆ ಹೆಚ್ಚಾಯಿತು, ಗೋಣಿಚೀಲದ ಮೇಲೆ ಹರವಿ ಅರ್ಧ ತಾಸು ಆರಿಸಿ. ಪಾಮ್ ಬೀಜ ಒಣಗಿ ಸಾಯುವುದಕ್ಕಿಂತ ಹೀಗೆ ನೀರು ಹೆಚ್ಚಾಗಿ ಕೊಳೆಯುವುದೇ ಜಾಸ್ತಿ.

ಜಿಪ್ ಕವರಿನಲ್ಲಿ ಎರಡು ಹಿಡಿ ಈ ಮಿಶ್ರಣ, ಅದರೊಳಗೆ 8-10 ಬೀಜ ಒಂದಕ್ಕೊಂದು ತಾಗದಂತೆ. ಕವರಿನಲ್ಲಿ ಸ್ವಲ್ಪ ಗಾಳಿ ಬಿಟ್ಟು ಮುಚ್ಚಿ. ಮೇಲೆ ತಾರೀಖು ಬರೆಯಿರಿ. ವಾರಕ್ಕೊಮ್ಮೆ ತೆರೆದು ಐದು ನಿಮಿಷ ಗಾಳಿ ಆಡಿಸಿ, ಬೀಜ ನೋಡಿ. ಈ ಬಿಸಿಯಲ್ಲಿ ಖರ್ಜೂರ 2ರಿಂದ 4 ವಾರದಲ್ಲಿ ಮೂತಿ ತೋರಿಸುತ್ತದೆ. ಬರಿಗಣ್ಣಿಗೆ ಕಾಣುವುದರಿಂದ ಯಾವುದು ಬಂತು, ಯಾವುದು ಕೊಳೆಯಿತು ಎಂದು ಊಹಿಸುತ್ತ ಕೂರುವ ಪ್ರಸಂಗ ಇಲ್ಲ. ಕುಂಡಕ್ಕಿಂತ ಕವರು ಮೇಲು ಎನ್ನುವುದು ಇದೇ ಕಾರಣಕ್ಕೆ.

ಗುಮ್ಮಟದೂರು (ವಿಜಯಪುರ)

ಭಾಳ ಉಪಕಾರ ಆತ್ರಿ. ಕವರ್ ಮಾಳಗಿ ಮ್ಯಾಲೆ ಇಟ್ರ ನಡಿತದೇನು? ಅಲ್ಲಿ ಬಿಸಿಗೇನು ಕಡಿಮಿ ಇಲ್ಲ. ಫಾಕ್ಸ್‌ಟೇಲ್‌ಗೂ ಇದ ರೀತೀನೋ, ಬ್ಯಾರೆ ಏನರ ಅದನೋ?

ಘಟಪ್ರಭಾ ದಂಡಿ (ಬಾಗಲಕೋಟೆ)

ಬಿಸಲಾಗ ಕವರ್ ಇಡಲೇಬ್ಯಾಡ್ರಿ! ಮುಚ್ಚಿದ ಕವರ್ ಮ್ಯಾಲೆ ನೇರ ಬಿಸಲು ಬಿದ್ರ ಒಳಗ ಅರ್ಧ ತಾಸಿನ್ಯಾಗ 50 ಡಿಗ್ರಿ ದಾಟತೈತಿ, ಬೀಜ ಬೆಂದು ಹೊಕ್ಕಾವ. ಮಾರ್ಚ್-ಏಪ್ರಿಲ್‌ನ್ಯಾಗ ನಮ್ಮ ಕಡೆ ಮನಿಯೊಳಗ ಕಪಾಟಿನ ಮ್ಯಾಲಿನ ಖಾನೆ ಸಾಕು. ಪಡುವಣ ಗ್ವಾಡಿಗೆ ಹತ್ತಿ ಇಟ್ರ ಸಂಜಿ ಬಿಸಿ ರಾತ್ರಿ ತನಕ ಇರತೈತಿ. ಒಂದು ಅಗ್ಗದ ಥರ್ಮಾಮೀಟರ್ ಕವರ್ ಮಗ್ಗಲಿಗೆ ಇಟ್ಟು ಮುಂಜಾನೆ, ಮಧ್ಯಾಹ್ನ ನೋಡ್ರಿ. 40ರ ಮ್ಯಾಲೆ ಹೋದ್ರ ಜಾಗಾ ಬದಲಸ್ರಿ. ಬೆಳಕು ಬ್ಯಾಡ, ಕತ್ತಲಾಗ ಇದ್ರೂ ನಡೀತೈತಿ.

ಮಸಾರಿ ಮಣ್ಣು (ಬಾಗಲಕೋಟೆ)

ಫಾಕ್ಸ್‌ಟೇಲ್ ಬಗ್ಗೆ ನಾ ಹೇಳ್ತೀನ್ರಿ. ಅದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕೇಪ್ ಮೆಲ್ವಿಲ್ ಗುಡ್ಡದ ಗಿಡ, ದೊಡ್ಡ ದೊಡ್ಡ ಬಂಡೆ ನಡುವಿನ ಉಸುಕಿನ್ಯಾಗ ಬೆಳೀತೈತಿ. ನೀರು ನಿಂತ್ರ ಅದಕ್ಕ ಸೇರಾಂಗಿಲ್ಲ. ಹಣ್ಣು ಪೂರಾ ಕೆಂಪಾಗಿರಬೇಕು, ಹಸರು ಇದ್ದಾಗ ಕಿತ್ತಿದ್ದು ನಡ್ಯಾಂಗಿಲ್ಲ. ಸಿಪ್ಪಿ ಸಮೇತ ಹಾಕೀರಿ ಅಂದ್ರಿ, ಅದು ತಪ್ಪು. ಮೂರು ದಿನ ನೀರಾಗ ಹಾಕಿ ಕೊಳಿಸಿ, ಗೋಣಿತಟ್ಟಿನ್ಯಾಗ ಉಸುಕು ಕೂಡಿಸಿ ತಿಕ್ಕ್ರಿ. ಒಳಗ ಬೀಜದ ಮೈತುಂಬ ಕರೀ ನಾರಿನ ಜಾಳಿಗಿ ಇರತೈತಿ, ಅದನ್ನ ಪೂರಾ ಕೀಳೋ ಜರೂರಿಲ್ಲ, ನಾರಿನ ಸಂದ್ಯಾಗಿನ ತಿರುಳು ಹೋದ್ರ ಸಾಕು. ಆಮ್ಯಾಲೆ ಅದ ಕೊಕೊಪೀಟ್ ಉಸುಕಿನ ಮಿಶ್ರಣ.

ಕಾಯೋದು ಮಾತ್ರ ಜಾಸ್ತಿ. ತಾಜಾ ಬೀಜ ಎರಡು ಮೂರು ತಿಂಗಳಿಗೆ ಶುರು ಆಗತಾವ, ಕೆಲವು ಆರು ತಿಂಗಳ ಮ್ಯಾಲೂ ಬರತಾವ. ಒಂದ ಗೊನಿ ಬೀಜ ಒಂದ ದಿನ ಹಾಕಿದ್ರೂ ಒಮ್ಮೆಲೆ ಬರಾಂಗಿಲ್ಲ. ಒಂದು ವರ್ಷದ ತನಕ ಕವರ್ ಒಗೀಬ್ಯಾಡ್ರಿ. ಲಗೂ ಬರಲಿ ಅಂತ ಜಿಬ್ಬರೆಲಿಕ್ ಆಮ್ಲದಾಗ (ಗಿಡ ಬೆಳಸೋ ಹಾರ್ಮೋನ್) ನೆನಸ್ತಾರ ಕೆಲವರು. ಪಾಮ್‌ಗೆ ಅದು ಒಳ್ಳೇದಲ್ಲ, ಸಸಿ ತೆಳ್ಳಗ ಉದ್ದ ಬೆಳದು ತನ್ನ ಭಾರಕ್ಕ ತಾನ ಬೀಳತೈತಿ.

ಇನ್ನೊಂದು ಮಾತು, ಮೀನಿನ ಬಾಲದಂಥ ಎಲಿ ಇರೋ ಬೈನಿ ಗಿಡದ ಹಣ್ಣು ಸಿಕ್ಕು ಹಾಕೋ ಮನಸ್ಸಾದ್ರ ಬರಿಗೈಲೆ ಹಿಚಕಬ್ಯಾಡ್ರಿ. ತಿರುಳಿನ್ಯಾಗ ಸೂಜಿಯಂಥ ಸಣ್ಣ ಹರಳು ಇರತಾವ, ಕೈ ಉರಿದು ತುರಿಸಿ ಸಾಕಾಗತೈತಿ. ದಪ್ಪ ರಬ್ಬರ್ ಗ್ಲೌಸ್ ಬೇಕ ಬೇಕು.

ಮತ್ತ ಖರ್ಜೂರದ ಗಿಡ ಹಣ್ಣಿನ ಆಸೆಗೆ ಹಚ್ಚೋದಿದ್ರ ಬೀಜದ ದಾರಿ ಬ್ಯಾಡ. ಗಂಡು ಬ್ಯಾರೆ, ಹೆಣ್ಣು ಬ್ಯಾರೆ. ಬೀಜದ ಸಸಿ ಸುಮಾರು ಅರ್ಧ ಗಂಡು ಆಗತಾವ, ಹೂ ಬಿಡೋತನಕ ಗುರುತು ಹತ್ತಾಂಗಿಲ್ಲ. ಹೆಣ್ಣಾದ್ರೂ ಹಣ್ಣು ತಾಯಿಯಂಗ ಇರೋದಿಲ್ಲ. ಹಣ್ಣಿಗೆ ತಾಯಿ ಬುಡದ ಮರಿ ಇಲ್ಲಾ ಟಿಶ್ಯೂ ಕಲ್ಚರ್ ಸಸಿನ ತಗೋಬೇಕು. ಮನಿ ಮುಂದ ಚಂದಕ್ಕ, ಬಿಸಲು ತಾಳಲಿಕ್ಕ ಅಂದ್ರ ಬೀಜದ ಖರ್ಜೂರ ಧಾರಾಳ ಹಚ್ಚ್ರಿ, ನಿಮ್ಮೂರ ಸವಳ ನೀರನ್ನೂ ತಡಕೋತೈತಿ.

ಗುಮ್ಮಟದೂರು (ವಿಜಯಪುರ)

ನೀವು ಹೇಳಿದಂಗ ಹಾಕಿ 19 ದಿನ ಆತು. 9 ಖರ್ಜೂರ ಬೀಜದಾಗ 6ಕ್ಕ ಬಿಳಿ ಬೇರು ಬಂದಾವ, ಒಂದು ಇಂಚಿನಷ್ಟು. ಆದ್ರ ಎಲಿ ಎಲ್ಲೂ ಕಾಣವಲ್ದು. ಬೀಜದಾಗಿಂದ ಎಲಿ ಬರೋತನಕ ಕವರ್‌ನ್ಯಾಗ ಬಿಡಲ್ಯಾ?

ಕುಂದಾನಗರಿ ಹಸಿರು (ಬೆಳಗಾವಿ)

ಬೇಡ, ಇವತ್ತೇ ಹಚ್ಚಿ. ನೀವು ನೋಡುತ್ತಿರುವುದು ಬೇರಲ್ಲ, ಒಂದು ಕೊಳವೆ. ಎಲೆ ಬೀಜದಿಂದ ಹೊರಡುವುದಿಲ್ಲ. ಈ ಕೊಳವೆ ಕೆಳಕ್ಕೆ ಇಳಿದು, ಅದರ ತುದಿಯಿಂದ ನಿಜವಾದ ಬೇರು ಹೊರಡುತ್ತದೆ. ತುದಿಗಿಂತ ತುಸು ಮೇಲೆ ಸಣ್ಣ ಸೀಳು ಬಿಟ್ಟು ಅಲ್ಲಿಂದ ಎಲೆ ಮೇಲಕ್ಕೆ ಬರುತ್ತದೆ. ಹಾಗಾಗಿ ಮಣ್ಣಿನಲ್ಲಿ ಎಲೆ ಎದ್ದಾಗ ಬೀಜದಿಂದ ಒಂದೆರಡು ಇಂಚು ಆಚೆ ಕಂಡರೆ ಗಾಬರಿ ಬೇಡ. ಕವರಿನಲ್ಲೇ ಬಿಟ್ಟರೆ ಕೊಳವೆ ಸುತ್ತಿಕೊಳ್ಳುತ್ತದೆ, ಬಿಡಿಸುವಾಗ ಮುರಿಯುತ್ತದೆ. ಮುರಿದರೆ ಆ ಬೀಜ ಹೋಯಿತು, ಮತ್ತೊಂದು ಮೊಳಕೆ ಬರುವುದಿಲ್ಲ.

8×12 ಇಂಚಿನ ಪಾಲಿಬ್ಯಾಗ್ ತನ್ನಿ, ಅಗಲಕ್ಕಿಂತ ಆಳ ಮುಖ್ಯ. ಮಸಾರಿ ಮಣ್ಣು ಎರಡು ಪಾಲು, ಉಸುಕು ಒಂದು, ಎರೆಗೊಬ್ಬರ ಅರ್ಧ ಪಾಲು. ಬೆರಳಿನಿಂದ ಕುಳಿ ಮಾಡಿ ಕೊಳವೆ ಕೆಳಮುಖವಾಗಿ ಇಳಿಸಿ, ಬೀಜದ ಮೇಲೆ 1 ಸೆಂ.ಮೀ. ಮಣ್ಣು ಬರಲಿ. 50 ಪ್ರತಿಶತ ಶೇಡ್ ನೆಟ್ ಕೆಳಗೆ ಇಡಿ. ಇಲಿ, ಅಳಿಲು ಬೀಜ ಎಬ್ಬಿಸುತ್ತವೆ, ಮೇಲೆ ತಂತಿ ಜಾಳಿಗೆ ಮುಚ್ಚಿ. ಮೇಲಿನ ಅರ್ಧ ಇಂಚು ಮಣ್ಣು ಒಣಗಿದ ಮೇಲೆಯೇ ನೀರು.

ಮೊದಲ ಎಲೆಗೆ ಇನ್ನೂ ನಾಲ್ಕಾರು ವಾರ. ಅದು ಹುಲ್ಲಿನ ಗರಿಯಂತೆ ಒಂದೇ ಪಟ್ಟಿ ಇರುತ್ತದೆ, ಕಳೆ ಎಂದು ಕಿತ್ತುಬಿಟ್ಟೀರಿ! ಸೀಳಿದ ಗರಿ ಬರಲು ವರ್ಷವಾದರೂ ಬೇಕು. ಎರಡನೇ ಎಲೆವರೆಗೆ ಬೇರೆ ಗೊಬ್ಬರ ಬೇಡ, ಆಮೇಲೆ 15 ದಿನಕ್ಕೊಮ್ಮೆ ನೀರಿನಲ್ಲಿ ಕರಗುವ 19:19:19 ಗೊಬ್ಬರ ಲೀಟರಿಗೆ 1 ಗ್ರಾಂ.

ಮಸಾರಿ ಮಣ್ಣು (ಬಾಗಲಕೋಟೆ)

ಬೋರ್ ನೀರಿಗೆ ಪಾಲಿಬ್ಯಾಗಿನ ಅಂಚಿಗೆ ಬಿಳಿ ಸುಣ್ಣದಂಥ ಪರೆ ಕಟ್ಟತೈತಿ. 15 ದಿನಕ್ಕೊಮ್ಮೆ ತಳದಿಂದ ಹರದು ಹೋಗೋವಷ್ಟು ನೀರು ಬಿಟ್ಟು ಉಪ್ಪು ತೊಳೀರಿ. ಮಳಿ ನೀರು ಹಿಡದಿಟ್ಟಿದ್ರ ಮೊದಲ ಮೂರು ತಿಂಗಳು ಅದ ಇರಲಿ. ಹೊಸ ಎಲಿ ಹಳದಿ ತಿರುಗಿ ನರ ಅಷ್ಟ ಹಸರು ಉಳದ್ರ ಕಬ್ಬಿಣದ ಕೊರತಿ. ಸುಣ್ಣದ ನೀರಿಗೆ ಇಡಿಡಿಎಚ್‌ಎ ಅಂತ ಬರದಿರೋ ಚಿಲೇಟೆಡ್ ಕಬ್ಬಿಣನ ಬೇಕು, ಇಡಿಟಿಎ ಬುಡಕ ಹಾಕಿದ್ರ ದಕ್ಕಾಂಗಿಲ್ಲ. ಸಸಿಗೆ ಅಂಟಿದ ಬೀಜ ತಾನಾಗಿ ಒಣಗಿ ಉದುರೋತನಕ ಕೀಳಬ್ಯಾಡ್ರಿ, ಸಸಿ ಇನ್ನೂ ಅದರಾಗಿಂದನ ಉಣ್ಣಾಕತ್ತಿರತೈತಿ.