‘ನವೆ’, ‘ತುರಿಕೆ’, ‘ಕಡಿತ’: ನಿಮ್ಮ ಕಡೆ ಯಾವುದು?

ಎಲ್ಲರಿಗೂ ನಮಸ್ಕಾರ.

ಚರ್ಮರೋಗದ ಒಂದು ಸಂಶೋಧನೆಗಾಗಿ, ರೋಗಿಗಳನ್ನು ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲನೇ ಪ್ರಶ್ನೆಯಲ್ಲೇ ನಿಂತುಬಿಟ್ಟಿದ್ದೇನೆ.

ಈ ಬಗೆಯ ಪ್ರಶ್ನಾವಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಡಿಎಲ್‌ಕ್ಯೂಐ (DLQI), ಅಂದರೆ ಚರ್ಮದ ಕಾಯಿಲೆ ದಿನದಿನದ ಬದುಕನ್ನು ಎಷ್ಟು ಕಾಡುತ್ತಿದೆ ಎಂದು ಅಳೆಯುವ ಪ್ರಶ್ನಾವಳಿ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಫಿನ್ಲೇ ಮತ್ತು ಖಾನ್ ರೂಪಿಸಿ 1994ರಲ್ಲಿ ಪ್ರಕಟಿಸಿದ್ದು. ಹತ್ತೇ ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 30. ಮೊತ್ತ 10 ದಾಟಿದರೆ ಕಾಯಿಲೆ ಬದುಕನ್ನು ಬಹಳ ಕಾಡುತ್ತಿದೆ ಎಂದು ಲೆಕ್ಕ. ಸೋರಿಯಾಸಿಸ್‌ಗೆ (ಚರ್ಮದ ಮೇಲೆ ಹೊಟ್ಟು ಏಳುವ ಕಾಯಿಲೆ) ಹಚ್ಚುವ ಮುಲಾಮು ಸಾಕೋ, ಮಾತ್ರೆ, ಇಂಜೆಕ್ಷನ್ ಬೇಕೋ ಎಂದು ನೋಡುವಾಗ ಈ ಅಂಕವೂ ಲೆಕ್ಕಕ್ಕೆ ಬರುತ್ತದೆ. ಪದ ಸರಿಯಾಗಿ ಕೂರದಿದ್ದರೆ ಅಂಕವೇ ತಪ್ಪುತ್ತದೆ, ಅಲ್ವಾ?

ನಾನು ನಿಂತಿರುವುದು ಅದರ ಮೊದಲ ಪ್ರಶ್ನೆಯಲ್ಲೇ: ಕಳೆದ ಒಂದು ವಾರದಲ್ಲಿ ಚರ್ಮಕ್ಕೆ ಇಂಥ ಕಾಟ ಎಷ್ಟಿತ್ತು ಎಂದು. ಅದರಲ್ಲಿ ನಾಲ್ಕು ಇಂಗ್ಲಿಷ್ ಪದಗಳಿವೆ: ಇಚಿ (itchy), ಸೋರ್ (sore), ಪೇನ್‌ಫುಲ್ (painful), ಸ್ಟಿಂಗಿಂಗ್ (stinging). ಪೇನ್‌ಫುಲ್‌ಗೆ ‘ನೋವು’ ಇದೆ. ಗಾಯಕ್ಕೆ ಉಪ್ಪುನೀರು ತಾಗಿದರೆ ‘ಚುರುಚುರು’ ಅನ್ನುತ್ತದೆ, ಅದೇ ಸ್ಟಿಂಗಿಂಗ್. ತೊಡಕಿರುವುದು ಮೊದಲ ಎರಡರಲ್ಲಿ.

ಇಚಿಗೆ ‘ತುರಿಕೆ’ ಎಂದು ಬರೆದಿದ್ದೆ. ಮಂಡ್ಯ ಕಡೆಯ ಒಬ್ಬ ಅಮ್ಮ, ಮೊಣಕೈ ಮೇಲೆಲ್ಲ ಬೆಳ್ಳಗೆ ಹೊಟ್ಟು ಎದ್ದಿತ್ತು. “ತುರಿಕೆ ಇದೆಯಾಮ್ಮ?” ಎಂದರೆ “ಇಲ್ಲಪ್ಪ, ಕೆರೀಬೇಡ ಅಂದವ್ರೆ, ಕೆರೆಯಲ್ಲ” ಎಂದರು. “ನವೆ?” ಎಂದೆ. “ಅಯ್ಯೋ, ರಾತ್ರಿಯೆಲ್ಲ ನವೆ ಕಣಪ್ಪ, ನಿದ್ದೆಯಿಲ್ಲ” ಎಂದರು. ಮೊದಲ ಉತ್ತರಕ್ಕೆ ಅಂಕ ಸೊನ್ನೆ, ಎರಡನೆಯದಕ್ಕೆ ಮೂರು!

ಯೋಚಿಸಿದಾಗ ಕಾರಣ ಹೊಳೆಯಿತು. ‘ಮೈ ತುರಿಸುತ್ತೆ’ ಎಂದರೆ ಮೈಗೆ ಆಗುವುದು. ‘ತಲೆ ತುರಿಸಿಕೊಂಡ’ ಎಂದರೆ ಕೈ ಮಾಡುವುದು. ಒಂದೇ ಪದ ಎರಡೂ ಕಡೆ ಓಡಾಡುತ್ತದೆ. ‘ನವೆ’ ಹಾಗಲ್ಲ, ಅದು ಮೈಗೆ ಆಗುವುದಷ್ಟೇ. ನನಗೆ ಅದೇ ಸರಿ ಎನಿಸುತ್ತದೆ. ಆದರೆ ಉತ್ತರ ಕರ್ನಾಟಕದ ಗೆಳೆಯರಿಗೆ ‘ನವೆ’ ಬಳಕೆಯ ಮಾತಲ್ಲ. ಅವರು ‘ಕಡಿತ’ ಅನ್ನುತ್ತಾರೆ, ‘ತಿಂಡಿ’ ಅಂತಲೂ ಅನ್ನುತ್ತಾರೆ. ‘ಕಡಿತ’ ಎಂದರೆ ಮೈಸೂರಿನವರಿಗೆ ಸೊಳ್ಳೆ, ಹಾವು ನೆನಪಾಗುತ್ತವೆ. ‘ತಿಂಡಿ’ಯಂತೂ ಇಡ್ಲಿ, ದೋಸೆ! ‘ತೀಟೆ’ ಎಷ್ಟು ಒಳ್ಳೆಯ ಹಳೆಯ ಪದ, ಆದರೆ ಈಗ ಅದಕ್ಕೆ ಕಿತಾಪತಿ ಎಂಬ ಅರ್ಥವೇ ಜಾಸ್ತಿ. ರೋಗಿಯ ಮುಂದೆ ಅದನ್ನು ಆಡಲು ನನಗೆ ಮನಸ್ಸಿಲ್ಲ.

ಸದ್ಯಕ್ಕೆ ‘ನವೆ (ಕಡಿತ)’ ಎಂದು ಎರಡನ್ನೂ ಹಾಕಿದ್ದೇನೆ.

ಇನ್ನು ಸೋರ್. ಹೊಸ ಚಪ್ಪಲಿ ಕಚ್ಚಿದ ಜಾಗ ನೆನಪು ಮಾಡಿಕೊಳ್ಳಿ. ಸುಮ್ನೆ ಇದ್ದರೆ ಅಷ್ಟೇನಿಲ್ಲ, ಬಟ್ಟೆ ತಾಗಿದರೆ ಸಾಕು, ಜೀವ ಹೋಗುತ್ತದೆ. ಅದಕ್ಕೆ ‘ಉರಿ’ ಸಾಲದು, ‘ನೋವು’ ಆಗಲೇ ಬಂದುಬಿಟ್ಟಿದೆ, ‘ಹುಣ್ಣು’ ಎಂದರೆ ಕಣ್ಣಿಗೆ ಕಾಣುವ ಗಾಯ. ‘ಮುಟ್ಟಿದರೆ ನೋಯುತ್ತದೆ’ ಎಂದು ಬಿಡಿಸಿ ಬರೆಯಬಹುದು, ಆದರೆ ಒಂದೇ ಪದ ಸಿಕ್ಕರೆ ಎಷ್ಟು ಚೆನ್ನ.

ನಿಮ್ಮ ಮನೆಯಲ್ಲಿ, ನಿಮ್ಮ ಅಜ್ಜಿಯರ ಬಾಯಲ್ಲಿ ಇಚಿಗೆ, ಸೋರ್‌ಗೆ ಏನೆನ್ನುತ್ತಾರೆ? ಪದದ ಜೊತೆಗೆ ಯಾವ ಸೀಮೆಯ ಮಾತು ಎಂದೂ ತಿಳಿಸಿ. ಕರಾವಳಿ ಮತ್ತು ಬೀದರ್ ಕಡೆಯ ಮಾತು ನನ್ನ ಹತ್ತಿರ ಒಂದೂ ಇಲ್ಲ.