ಅಪ್‌ಡೇಟ್: ಅಮ್ಮನ ಜೊತೆ ಚಾರಣಕ್ಕೆ ಹೋಗಿ ಬಂದೆ

ಮಂಡಿನೋವಿರುವ ಅಮ್ಮನ ಜೊತೆ ನಡೆಯಲು ಎಂಥ ಕಾಡುದಾರಿ ಆರಿಸಲಿ ಅಂತ ಕೇಳಿದ್ದೆ. ದೂರ ಮಾತ್ರ ಅಲ್ಲ, ಏರು ಎಷ್ಟಿದೆ ನೋಡಿ ಅಂದಿರಿ. ಅದೇ ಕೈಹಿಡಿಯಿತು!

ನಡೆಯಲು ಎಷ್ಟು ಹೊತ್ತು ಬೇಕು ಅನ್ನೋದಕ್ಕೆ ಸ್ಕಾಟ್ಲೆಂಡ್‌ನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮದು 4 ಕಿ.ಮೀ. ದಾರಿ, 120 ಮೀಟರ್ ಏರು. ಲೆಕ್ಕಕ್ಕೆ ಒಂದೇ ಗಂಟೆ. ನಾವು ಎರಡು ಗಂಟೆ ಇಟ್ಟುಕೊಂಡೆವು, ಅದೂ ಸಾಲಲಿಲ್ಲ. ಅಮ್ಮ ಮರಕುಟಿಗ ನೋಡುತ್ತಾ ಅರ್ಧ ಗಂಟೆ ನಿಂತೇಬಿಟ್ಟರು. ಆ ಮುಖ ನೋಡಬೇಕಿತ್ತು!

ಮಂಡಿಗೆ ಜಾಸ್ತಿ ಭಾರ ಬೀಳುವುದು ಇಳಿಯುವಾಗಲೇ ಅಲ್ವಾ? ಎರಡು ಊರುಗೋಲು ತುಂಬಾ ನೆರವಾದವು. ಬೆಳಗ್ಗೆ ಬೇಗ ಹೊರಟಿದ್ದಕ್ಕೆ ಹಕ್ಕಿಗಳ ದನಿಯೂ ಚೆನ್ನಾಗಿ ಕೇಳಿಸಿತು. ಮುಂದಿನ ಭಾನುವಾರ ಮತ್ತೆ ಹೋಗುತ್ತೇವೆ. ಎಲ್ಲರಿಗೂ ಥ್ಯಾಂಕ್ಸ್.